ಗೃಹಕೃತ್ಯದ ಮಾತು: ರತ್ನಗಂಬಳಿಯ ಬೆನ್ನು

ನಮ್ಮ ವರದಮೂಲದಲ್ಲಿ ಹುಟ್ಟುವ ವರದೆಯು ಸಾಗರ, ಸೊರಬದ ಸೀಮೆಗಳನ್ನು ದಾಟಿ, ಬನವಾಸಿಯ ಮಗ್ಗುಲಲ್ಲಿ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುವಳು. ಅವಳು ಹುಟ್ಟುವುದು ಮಳೆಯ ನಾಡಿನಲ್ಲಿ. ಸೇರುವುದು ಕುರಿಯ ನಾಡಿನಲ್ಲಿ. ಬಯಲುಸೀಮೆಯಲ್ಲಿ ನೆಯ್ದ ಕಂಬಳಿಯನ್ನು ಕೊಪ್ಪೆಯಾಗಿ ಹೊದ್ದು ನಮ್ಮ ಹಿರಿಯರು ಗದ್ದೆಯ ನೆಟ್ಟಿಯನ್ನು ನಡೆಯಿಸಿದರು. ಚಳ್ಳಕೆರೆಯ ಕಡೆಯ ಕಂಬಳಿ ನೇಕಾರರು ಉಣ್ಣೆಯ ಎಳೆಗೆ ಹುಣಿಸೆಬೀಜದ ಸರಿಯನ್ನು ಹಚ್ಚುವರಾದುದರಿಂದ ಆ ಕಂಬಳಿಯು ಹೊಸತರಲ್ಲಿ ಹಲಗೆಯಂತೆ ಸೆಟೆದು, ಬಳಸಿದಂತೆಲ್ಲ ಮೈಗೆ ಒಗ್ಗುವುದು. ಆದುದರಿಂದ ಉಣ್ಣೆಯ ಸ್ವಭಾವವು ಮಲೆನಾಡಿನವರಿಗೆ ಹೊಸದೇನೂ ಅಲ್ಲ.

ಹೊಸದಾಗಿರುವುದು ಈಚೆಗೆ ನಮ್ಮ ಮನೆಗಳಿಗೆ ಬರುತ್ತಿರುವ ದಪ್ಪ ಕುಚ್ಚಿನ ಹಾಸು. ಮೇಲ್ಮೈಯಲ್ಲಿ ನೂಲಿನ ತುದಿಗಳು ಹುಲ್ಲಿನ ಗರಿಕೆಯಂತೆ ನಿಂತಿರುವುವು. ಹೂವು, ಹಕ್ಕಿ, ಹುಣ್ಣಿಮೆಯ ಚಂದ್ರ, ಒಮ್ಮೊಮ್ಮೆ ಏನೆಂದು ತಿಳಿಯದ ಆಕೃತಿಗಳೂ ಅದರಲ್ಲಿ ಮೂಡಿರುವುವು. ಕೆಲವರು ನೆಲಕ್ಕೆ ಹಾಸುವರು, ಕೆಲವರು ಚಿತ್ರಪಟದಂತೆ ಗೋಡೆಗೆ ತೂಗುಹಾಕುವರು. ಕೈಕೆಲಸದ್ದೆಂಬ ಚೀಟಿಯೊಂದು ಮೂಲೆಯಲ್ಲಿ ಹೊಲಿದಿರುವುದು. ಆ ಚೀಟಿಯು ಸುಳ್ಳಲ್ಲ. ಆದರೆ ಅದು ಪೂರ್ತಿ ಮಾತನ್ನು ಹೇಳುವುದಿಲ್ಲ.

ಏಕೆಂದರೆ ಕೈಕೆಲಸವೆಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಪದಾರ್ಥಗಳು ಮಾರಾಟವಾಗುತ್ತಿವೆ. ಮೊದಲನೆಯದು ಬರಿಯ ನೆಯ್ಗೆಯ ಜಮಖಾನೆ. ಇದಕ್ಕೆ ಕುಚ್ಚಿಲ್ಲ, ಎರಡು ಮಗ್ಗುಲೂ ಒಂದೇ ಬಗೆ. ಎರಡನೆಯದು ಗಂಟಿನ ರತ್ನಗಂಬಳಿ. ಇದರಲ್ಲಿ ಹಾಸುನೂಲಿಗೆ ಒಂದೊಂದೇ ಗಂಟನ್ನು ಬೆರಳಿನಿಂದ ಹಾಕಿ ಕತ್ತರಿಸುವುದರಿಂದ ದೊಡ್ಡ ಹಾಸೊಂದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುವುದು. ಮೂರನೆಯದು ಕುಚ್ಚಿನ ಹಾಸು, ವ್ಯಾಪಾರಿಗಳ ಮಾತಿನಲ್ಲಿ ಟಫ್ಟೆಡ್ ರಗ್ಗು. ಚೌಕಟ್ಟಿನ ಮೇಲೆ ಗಟ್ಟಿ ಬಟ್ಟೆಯನ್ನು ಬಿಗಿದು, ಅದರ ಹಿಂಬದಿಯಲ್ಲಿ ಚಿತ್ರವನ್ನು ತಿರುವುಮುರುವಾಗಿ ಬರೆದು, ಬಂದೂಕಿನಾಕಾರದ ಸಲಕರಣೆಯಿಂದ ನೂಲನ್ನು ಬಟ್ಟೆಯೊಳಕ್ಕೆ ಚುಚ್ಚುತ್ತ ಹೋಗುವರು. ಚುಚ್ಚಿದ ನೂಲನ್ನು ಹಿಡಿದಿಡತಕ್ಕ ಗಂಟು ಯಾವುದೂ ಇಲ್ಲ. ಹಿಂದೆ ಲೇಪಿಸಿದ ಲೇಟೆಕ್ಸ್ ಎಂಬ ರಬ್ಬರಿನ ಅಂಟೇ ಅದರ ಪ್ರಾಣವು. ಅಂಟನ್ನು ಮರೆಮಾಡಲು ಇನ್ನೊಂದು ಬಟ್ಟೆಯನ್ನು ಅಂಟಿಸುವರು. ಇದು ಕೆಲವು ದಿನಗಳ ಕೆಲಸ. ಉತ್ತರಪ್ರದೇಶದ ಭದೋಹಿ, ಮಿರ್ಜಾಪುರಗಳಲ್ಲಿ ಗಂಟಿನದೂ ಕುಚ್ಚಿನದೂ ಎರಡೂ ತಯಾರಾಗುವುವು. ಬೆಂಗಳೂರಿನಲ್ಲಿ ತರುಣ ತರುಣಿಯರು ಈ ಚುಚ್ಚುವ ಕೆಲಸವನ್ನು ಕಲೆಯೆಂದು ಕಲಿಯುತ್ತಿರುವರು. ಕಲಿಯಲಿ, ಅದರಲ್ಲಿ ನಾವು ಕೊಂಕನ್ನು ಕಾಣೆವು. ಒಂದನ್ನು ಇನ್ನೊಂದರ ಬೆಲೆಗೆ ಮಾರುವುದು ಮಾತ್ರ ನಮಗೆ ಸಮ್ಮತವಲ್ಲ.

ಹಾಗಾದರೆ ಗುರುತಿಸುವ ಬಗೆ ಹೇಗೆ? ಹಣವನ್ನು ತೆರುವ ಮುನ್ನ ಹಾಸನ್ನು ಮಗುಚಿ ಹಾಕಿರಿ. ಗಂಟಿನ ಹಾಸಿನ ಬೆನ್ನಿನಲ್ಲಿ ಮುಂಬದಿಯ ಚಿತ್ರವೇ ಸಣ್ಣ ಸಣ್ಣ ಗಂಟುಗಳಾಗಿ ಸ್ಪಷ್ಟವಾಗಿ ಕಾಣುವುದು. ಬೆನ್ನಿನ ತುಂಬ ಬಟ್ಟೆಯು ಅಂಟಿದ್ದರೆ ಅದು ಪ್ರಾಯಶಃ ಕುಚ್ಚಿನದು. ನೂಲು ಉಣ್ಣೆಯೋ ಅಲ್ಲವೋ ಎಂಬ ಸಂಶಯವಿದ್ದರೆ ಅಂಗಡಿಯವನ ಅನುಮತಿಯಿಂದ ಒಂದೆರಡು ಎಳೆಯನ್ನು ತೆಗೆದು ಸುಡಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿಯು ಬೆರಳಲ್ಲಿ ಪುಡಿಯಾಗುವುದು. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುವುದು. ಒದ್ದೆಯಾದ ಬಿಳಿಯ ಬಟ್ಟೆಯಿಂದ ಉಜ್ಜಿ ನೋಡಿದರೆ ಬಣ್ಣದ ಯೋಗ್ಯತೆಯೂ ತಿಳಿಯುವುದು. ಉಣ್ಣೆಯನ್ನು ಮುಟ್ಟಿ ಪರೀಕ್ಷಿಸುವುದು ಹಳೆಯ ಪದ್ಧತಿಯೇ. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂಬಳಿಗಳ ವಿಚಾರವೂ ಉಂಟು. ನುಣುಪು, ಸೂಕ್ಷ್ಮತೆ, ಮೃದುತ್ವಗಳೇ ಅಲ್ಲಿ ಉತ್ತಮ ಉಣ್ಣೆಯ ಲಕ್ಷಣಗಳು.

ಈ ವಿಚಾರವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಪರಿಚಯದ ಮನೆಯವರೊಬ್ಬರು ಅಡಕೆ ಮಾರಿದ ಹಣದಲ್ಲಿ ದೊಡ್ಡದೊಂದು ಹಾಸನ್ನು ಗಂಟಿನದೆಂಬ ಮಾತನ್ನು ನಂಬಿ ಕೊಂಡರು. ಮೊಮ್ಮಕ್ಕಳ ಕಾಲಕ್ಕೂ ಬರುವುದೆಂದು ಮಾರಿದವನು ಹೇಳಿದ್ದನು. ಎರಡನೆಯ ಶ್ರಾವಣದಲ್ಲಿ ಮೂಲೆಯನ್ನೆತ್ತಿ ನೋಡಿದರೆ ನೆಲದ ಮೇಲೆ ಹಿಟ್ಟಿನಂತೆ ಬಿಳಿಯ ಪುಡಿ. ಬೆನ್ನಿನ ಬಟ್ಟೆಯಲ್ಲಿ ಕಪ್ಪು ಬೂಷ್ಟು. ಕುಚ್ಚುಗಳು ಕೈಗೆ ಬರುತ್ತಿದ್ದುವು. ಅಂಟು ಸತ್ತಿತ್ತು. ಕಾಲಕ್ರಮದಲ್ಲಿ ಒಣಗಿ ಪುಡಿಯಾಗುವುದು ಆ ಅಂಟಿನ ಸ್ವಭಾವ. ಬಿಸಿಲೂ ತೇವವೂ ಅದನ್ನು ಬೇಗನೆ ಮುಪ್ಪಿಗೆ ತರುವುವು. ಆರಿದ್ರೆಯಿಂದ ಹಸ್ತದವರೆಗೆ ನೆಲವೇ ಬೆವರುವ ನಮ್ಮ ಸೀಮೆಯಲ್ಲಿ ಅದರ ಆಯುಸ್ಸನ್ನು ಬೇರೆ ಹೇಳಬೇಕೆ? ನ್ಯಾಯವಾದ ಬೆಲೆಗೆ ಕೊಂಡಿದ್ದರೆ ಅವರು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಆದುದರಿಂದ ಮಲೆನಾಡಿನ ಗೃಹಸ್ಥರು ಕುಚ್ಚಿನ ಹಾಸನ್ನು ಮಳೆಗಾಲದಲ್ಲಿ ನೆಲದಿಂದ ಎತ್ತಿಬಿಡುವುದು ಲೇಸು. ಮಡಿಸಕೂಡದು, ಅಂಟು ಸೀಳುವುದು. ಸಡಿಲವಾಗಿ ಸುರುಳಿ ಸುತ್ತಿ, ಹಳೆಯ ಹತ್ತಿಯ ಸೀರೆಯಲ್ಲಿ ಕಟ್ಟಿ, ಒಲೆಯ ಬೆಚ್ಚನೆ ಗಾಳಿ ದೂರದಿಂದ ತಾಗುವ ಅಟ್ಟದಲ್ಲಿ ಇರಿಸಿರಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರೆ ತೇವವು ಒಳಗೇ ಸೆರೆಯಾಗುವುದು. ಲಕ್ಕಿಸೊಪ್ಪನ್ನೋ ಬೇವಿನೆಲೆಯನ್ನೋ ಒಣಗಿಸಿ ಇಡುವುದುಂಟು. ಇಡಿರಿ, ಆದರೆ ನುಸಿಯ ಮರಿಗಳು ಅಷ್ಟಕ್ಕೇ ಹೆದರುವುವೆಂದು ನಂಬಬೇಡಿರಿ. ತಿಂಗಳಿಗೊಮ್ಮೆ ಬಿಚ್ಚಿ ಕೊಡಹುವುದೇ ನಿಜವಾದ ಮದ್ದು.

ಹೊಸ ಹಾಸಿನಿಂದ ಮೊದಲ ಕೆಲವು ತಿಂಗಳು ಉಣ್ಣೆಯ ನವುರು ಉದುರುವುದು, ಗಾಬರಿಯಾಗಬೇಕಾದುದಿಲ್ಲ. ಒಂದು ಎಳೆ ಮೇಲೆದ್ದರೆ ಎಳೆಯಬೇಡಿರಿ. ಕತ್ತರಿಯಿಂದ ಸಮನಾಗಿ ಕತ್ತರಿಸಿರಿ. ಕಾಫಿ ಚೆಲ್ಲಿದರೆ ಉಜ್ಜದೆ, ಒಣಬಟ್ಟೆಯಿಂದ ಒತ್ತಿ ಹೀರಿಸಿರಿ. ಹಾಸನ್ನು ನೀರಿನಲ್ಲಿ ನೆನೆಯಿಸುವುದು ಎಂದಿಗೂ ಸಲ್ಲದು. ಎರಡು ಬಟ್ಟೆಗಳ ನಡುವೆ ಸೇರಿದ ನೀರು ಹೊರಡುವ ದಾರಿಯನ್ನು ಕಾಣದು. ಅಂಟುವಾಳದ ನೊರೆಯನ್ನು ಮಾತ್ರ ಎತ್ತಿ ಮೇಲ್ಮೈಗೆ ಸವರಿ ಒರಸಬಹುದು. ತಿಳಿಬಣ್ಣದ ಹಾಸಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿರಿ, ಅಂಟುವಾಳವು ಸ್ವಲ್ಪ ಕಂದು ಛಾಯೆಯನ್ನು ಬಿಡುವುದುಂಟು. ಆಡಿನ ಕೂದಲಿನ ಕಂಬಳಿಗೆ ಅಂಟುವಾಳದ ಶುದ್ಧಿಯನ್ನು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೇ ವಿಧಿಸಿದೆ. ಅದೇ ಕಡೆ ಕುರಿಯ ಉಣ್ಣೆಗೆ ಸವಳುಮಣ್ಣನ್ನು ಹೇಳಿದೆಯಾದರೂ, ಕ್ಷಾರವು ಉಣ್ಣೆಯ ಎಳೆಯನ್ನು ಕೆಡಿಸುವುದೆಂದು ಈಗ ಬಲ್ಲೆವಾದುದರಿಂದ ಅದನ್ನು ಬಿಡುವುದು ಒಳ್ಳೆಯದು. ಸೋಡಾ ಬೆರೆತ ಸಾಬೂನಿಗೂ ಇದೇ ಮಾತು.

ನೆಲಕ್ಕೇ ಹಾಸಬೇಕೆಂಬ ಹಟವುಳ್ಳವರು ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯನ್ನು ನೋಡಲಿ. ಅಲ್ಲಿಯ ಮುಸಲ್ಮಾನ ಮನೆತನಗಳ ಹೆಂಗಸರು ನಿಲುಮಗ್ಗದ ಮುಂದೆ ಕುಳಿತು, ಹತ್ತಿಯ ಬಣ್ಣದ ನೂಲನ್ನು ಬೆರಳಿನಿಂದ ಸೇರಿಸಿ ಪಂಜದಿಂದ ಬಡಿದು ನೆಯ್ಯುವರು; ನವಿಲು, ಚೌಕಾಬಾರದ ಮನೆಗಳು ಅವರ ಮೆಚ್ಚಿನ ಚಿತ್ರಗಳು. ಇವರ ಹಿರಿಯರು ವಿಜಾಪುರದಿಂದ ಬಂದವರೆಂದು ಪ್ರತೀತಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆಯಿಂದ ಹೊಟ್ಟೆ ತುಂಬುವುದಿಲ್ಲ. ಮಗ್ಗದ ಮುಂದೆ ಕೂರುವವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅಂಟಿನ ಹಾಸಿಗೆ ಸಾವಿರಗಳನ್ನು ಸುರಿಯುವವರು ಈ ಹೆಂಗಸರೊಡನೆ ನೂರು ರೂಪಾಯಿಗೆ ಚೌಕಾಶಿ ಮಾಡುವುದನ್ನು ಕಂಡು ನಮಗೆ ನಾಚಿಕೆಯಾಗಿದೆ. ಜಮಖಾನೆಯ ಒಂದು ಮಗ್ಗುಲು ಸವೆದರೆ ಮಗುಚಿ ಹಾಸಬಹುದು, ಬಿಸಿಲಿಗೆ ಹರವಬಹುದು.

ಕುಚ್ಚಿನ ಕೆಲಸಕ್ಕೆ ತಕ್ಕ ತಾಣವು ಗೋಡೆಯೆಂದೇ ನಮ್ಮ ಅಭಿಪ್ರಾಯವು. ಅಲ್ಲಿ ಕಾಲ ತುಳಿತವಿಲ್ಲ, ನೆಲದ ತೇವವಿಲ್ಲ, ಕಲೆಗಾರನ ಬಣ್ಣವು ಕಣ್ಣಿನ ಮಟ್ಟಕ್ಕೆ ಬರುವುದು. ಆದರೆ ಮೊಳೆಯನ್ನು ಹಾಸಿನ ಮೈಯಲ್ಲಿಯೇ ಹೊಡೆಯಬೇಡಿರಿ. ಅದರ ಭಾರಕ್ಕೆ ಬಟ್ಟೆ ಹರಿಯುವುದು. ಬೆನ್ನಿನ ಮೇಲಂಚಿಗೆ ಉದ್ದಕ್ಕೂ ಹತ್ತಿಯ ಪಟ್ಟಿಯೊಂದನ್ನು ಕೊಳವೆಯಂತೆ ಹೊಲಿದು, ಅದರೊಳಗೆ ಬಿದಿರಿನ ಗಳುವನ್ನು ತೂರಿಸಿ, ಎರಡು ತುದಿಗಳನ್ನೂ ಕೊಕ್ಕೆಗೆ ಸಿಕ್ಕಿಸಿರಿ. ಮಳೆಯ ಇರಚಲು ಬಡಿಯುವ ಪಡುವಣ ಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಿ, ಗೋಡೆಗೂ ಹಾಸಿಗೂ ನಡುವೆ ಎರಡು ಬೆರಳಿನಷ್ಟು ಎಡೆಯನ್ನು ಬಿಡಿರಿ. ಗಳುವಿನ ಹಿಂದೆ ಎರಡು ಮರದ ಚೂರುಗಳನ್ನು ಇಟ್ಟರೆ ಸಾಕು.