ಒಂದು ರೂಪಾಯಿಯ ಪರೀಕ್ಷೆ

2025ನೆಯ ಆಗಸ್ಟ್ ತಿಂಗಳಲ್ಲಿ ಭಾರತ ಸಂಚಾರ ನಿಗಮವು ಹೊಸ ಗಿರಾಕಿಗಳಿಗೆ ಒಂದು ರೂಪಾಯಿಗೆ ಮೂವತ್ತು ದಿನಗಳ ಮೊಬೈಲ್ ಸೇವೆಯನ್ನು ಕೊಡಮಾಡಿತು. ಮಾತಿಗೆ ಮಿತಿಯಿಲ್ಲ, ದಿನವೊಂದಕ್ಕೆ 2 ಜಿ.ಬಿ. ಡೇಟಾ, 100 ಸಂದೇಶಗಳು. ಒಂದು ರೂಪಾಯಿಗೆ ಅರ್ಧ ಲೋಟ ಕಾಫಿಯೂ ದೊರೆಯದ ಕಾಲದಲ್ಲಿ ಇಂಥ ಕೊಡುಗೆಗೆ ಕೈಚಾಚಿದವರನ್ನು ಆಶೆಬುರುಕರೆಂದು ಹೀಗಳೆಯುವವರಿದ್ದಾರೆ. ಸರಕಾರದ ಸರಕೆಂಬ ಒಂದೇ ಕಾರಣಕ್ಕೆ ಅದನ್ನು ಕೊಳ್ಳಲೇಬೇಕೆಂದು ಉಪದೇಶಿಸುವವರೂ ಇದ್ದಾರೆ. ಇಬ್ಬರಿಗೂ ನಾವು ಹೇಳತಕ್ಕ ಮಾತು ಒಂದೇ. ಪರೀಕ್ಷಿಸಿ ನೋಡುವುದು ಗಿರಾಕಿಯ ಹಕ್ಕು. ಈ ವಿಷಯದಲ್ಲಂತೂ ಅದು ಪೌರನ ಕರ್ತವ್ಯವೂ ಹೌದು.

ಹೇಗೆಂಬುದನ್ನು ವಿಚಾರ ಮಾಡೋಣ. ನಮ್ಮ ದೇಶದಲ್ಲಿ ಮೊದಲನೆಯ ಮೊಬೈಲ್ ಕರೆ ನಡೆದದ್ದು 1995ನೆಯ ಜುಲೈ 31ರಂದು, ಕಲ್ಕತ್ತೆಯಿಂದ ದಿಲ್ಲಿಗೆ. ಆ ದಿನಗಳಲ್ಲಿ ನಿಮಿಷಕ್ಕೆ 16 ರೂಪಾಯಿಗಳವರೆಗೆ ತೆರಬೇಕಾಗಿತ್ತು. ಬಂದ ಕರೆಗೂ ಹಣ ಕೊಡಬೇಕಾಗಿತ್ತು. ಅದು ಸಿರಿವಂತರ ಆಟಿಕೆಯಾಗಿದ್ದ ಕಾಲ. ಮುಂದೆ ಕಂಪನಿಗಳು ಹೆಚ್ಚಿದವು, ಪೈಪೋಟಿ ಬೆಳೆಯಿತು, 2003ರಲ್ಲಿ ಬರುವ ಕರೆ ಪುಕ್ಕಟೆಯಾಯಿತು. 2011ನೆಯ ಜನವರಿಯಿಂದ ದೇಶದಾದ್ಯಂತ ಸಂಖ್ಯೆಯನ್ನು ಬದಲಿಸದೆ ಕಂಪನಿಯನ್ನು ಬದಲಿಸುವ ಹಕ್ಕು ಜನರ ಕೈಗೆ ಬಂದಿತು. 2016ನೆಯ ಸಪ್ಟಂಬರಿನಲ್ಲಿ ಜಿಯೋ ಕಂಪನಿಯು ಪುಕ್ಕಟೆ ಸೇವೆಯೊಡನೆ ಪೇಟೆಗೆ ಇಳಿದ ಮೇಲೆ ಡೇಟಾ ಎಂಬುದು ಬಡವನ ಮನೆಗೂ ಹೊಕ್ಕಿತು. ಆದರೆ ಅದೇ ಪೈಪೋಟಿಯಲ್ಲಿ ಸಣ್ಣಪುಟ್ಟ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಇಲ್ಲವೆ ದೊಡ್ಡವುಗಳೊಳಗೆ ಲೀನವಾದವು. ಖಾಸಗಿಯವರ ಪೈಕಿ ಉಳಿದ ದೊಡ್ಡವು ಮೂರೇ. ಹೀಗೆ ಅಗ್ಗವೇ ಅಗ್ಗದ ಬೇರನ್ನು ಕಡಿಯಿತು.

ಇದರ ಫಲವನ್ನು ನಾವು 2024ನೆಯ ಜುಲೈ ಮೊದಲ ವಾರದಲ್ಲಿ ಕಂಡೆವು. ಒಂದೆರಡು ದಿನಗಳ ಅಂತರದಲ್ಲಿ ಮೂರು ಕಂಪನಿಗಳೂ ದರವನ್ನು ಏರಿಸಿದವು. 155 ರೂಪಾಯಿಗೆ ದೊರೆಯುತ್ತಿದ್ದ ಜಿಯೋದ 28 ದಿನಗಳ ಸೇವೆ 189 ರೂಪಾಯಿಗೆ ಏರಿತು; ಉಳಿದಿಬ್ಬರ 179ರದು 199 ಆಯಿತು. ಮೂವತ್ತನಾಲ್ಕು ರೂಪಾಯಿ ಏನು ಮಹಾ ಎಂದು ಕೇಳಬಹುದು. ವಾಚಕರು ಕಾಗದದ ಮೇಲೆ ಲೆಕ್ಕ ಹಾಕಿ ನೋಡಲಿ. 28 ದಿನಗಳ ಲೆಕ್ಕದಲ್ಲಿ ವರ್ಷಕ್ಕೆ ರೀಚಾರ್ಜು ಹನ್ನೆರಡು ಬಾರಿಯಲ್ಲ, ಹದಿಮೂರು ಬಾರಿ. ನಮ್ಮ ಪಂಚಾಂಗದಲ್ಲಿ ಅಧಿಕಮಾಸವು ಸುಮಾರು ಮೂರು ವರ್ಷಕ್ಕೊಮ್ಮೆ ಬಂದರೆ, ಕಂಪನಿಯವರ ಪಂಚಾಂಗದಲ್ಲಿ ಅದು ವರ್ಷವರ್ಷವೂ ಬರುತ್ತದೆ! ನಾಲ್ಕು ಮೊಬೈಲುಗಳಿರುವ ಮನೆಗೆ ಈ ಒಂದು ಏರಿಕೆಯಿಂದ ವರ್ಷಕ್ಕೆ 1,768 ರೂಪಾಯಿ ಹೆಚ್ಚಿನ ವೆಚ್ಚ ಬಿದ್ದಿತು. ಕೂಲಿಯವನ ಸಂಸಾರದಲ್ಲಿ ಇದು ಅಲ್ಪ ಮೊತ್ತವಲ್ಲ.

ಈ ಹೊರೆಯನ್ನು ಬೇಡವೆಂದು ಇಳಿಸಿಡುವ ಸ್ವಾತಂತ್ರ್ಯವಾದರೂ ಅವನಿಗೆ ಉಂಟೆ? ಇಲ್ಲ. ಬ್ಯಾಂಕಿನ ಖಾತೆ, ಆಧಾರ್, ಅಡಿಗೆಯ ಅನಿಲ, ಪಿಂಚಣಿ ಎಲ್ಲವೂ ಆ ಹತ್ತು ಅಂಕಿಗಳಿಗೆ ಗಂಟುಬಿದ್ದಿವೆ. ಗುಂಡಿಯೊತ್ತುವ ಹಳೆಯ ಮೊಬೈಲಿನಲ್ಲಿ ಮಗನೊಡನೆ ನಾಲ್ಕು ಮಾತನಾಡುವ ಮುದುಕಿಯೂ ತನಗೆ ಬೇಡದ ಡೇಟಾಕ್ಕೆ ಹಣ ತೆರಬೇಕಾಗಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರಲ್ಲಿ, 30 ದಿನಗಳ ಯೋಜನೆಯೊಂದನ್ನಾದರೂ ಇಡಬೇಕೆಂದು ಕಂಪನಿಗಳಿಗೆ ವಿಧಿಸಿತು; 2024ನೆಯ ಡಿಸೆಂಬರಿನಲ್ಲಿ, ಮಾತು ಮತ್ತು ಸಂದೇಶಗಳಿಗೆ ಮಾತ್ರ ಮೀಸಲಾದ ಯೋಜನೆಯೊಂದು ಇರಲೇಬೇಕೆಂದು ವಿಧಿಸಿತು. ಇವು ಸ್ತುತ್ಯವಾದ ಕಾರ್ಯಗಳು. ಆದರೆ ಅಪ್ಪಣೆಯಿಂದ ಯೋಜನೆ ಹುಟ್ಟಬಹುದು, ಅಗ್ಗದ ದರ ಹುಟ್ಟಲಾರದು. ದರವನ್ನು ಹತೋಟಿಯಲ್ಲಿಡುವುದು, ಗಿರಾಕಿಯು ಎದ್ದುಹೋದಾನೆಂಬ ಭಯ ಒಂದೇ.

ಎದ್ದುಹೋಗಲು ಇನ್ನೊಂದು ಮನೆ ಇರಬೇಕಷ್ಟೆ. ಆ ಮನೆಯೇ ಭಾರತ ಸಂಚಾರ ನಿಗಮ. ದರ ಏರಿದ 2024ನೆಯ ಜುಲೈ ತಿಂಗಳೊಂದರಲ್ಲೇ ಸುಮಾರು 29 ಲಕ್ಷ ಗಿರಾಕಿಗಳು ಅದಕ್ಕೆ ಹೆಚ್ಚಿದರು. ಆಗಸ್ಟಿನಲ್ಲಿ ಮತ್ತೆ ಸುಮಾರು 25 ಲಕ್ಷ. ಆದರೆ ನವೆಂಬರಿನ ಹೊತ್ತಿಗೆ ಬಂದವರಿಗಿಂತ ಬಿಟ್ಟುಹೋದವರೇ ಹೆಚ್ಚಾದರು. ಇದರ ಅರ್ಥ ಸ್ಪಷ್ಟವಾಗಿದೆ. ದರವು ಜನರನ್ನು ಕರೆತಂದಿತು. ಸೇವೆಯು ಅವರನ್ನು ಹಿಡಿದಿಡಲಿಲ್ಲ. ಇತರರು 5ಜಿಯ ಮಾತನಾಡುತ್ತಿದ್ದಾಗ ನಿಗಮದ 4ಜಿಯು ಎಷ್ಟೋ ಊರುಗಳನ್ನು ಇನ್ನೂ ಮುಟ್ಟಿರಲಿಲ್ಲ.

ಆ ಮೇಲೆ ಕಾಲ ಸ್ವಲ್ಪ ತಿರುಗಿದೆ. 2025ನೆಯ ಸಪ್ಟಂಬರ್ 27ರಂದು ಪ್ರಧಾನ ಮಂತ್ರಿಗಳು ಒಡಿಶಾದ ಝಾರ್ಸುಗುಡದಲ್ಲಿ ನಿಗಮದ ಸ್ವದೇಶಿ 4ಜಿಯನ್ನು ಉದ್ಘಾಟಿಸಿದರು. 97,500ಕ್ಕೂ ಮೇಲ್ಪಟ್ಟ ಗೋಪುರಗಳು ಲೆಕ್ಕಕ್ಕೆ ಬಂದವು. ಇದರ ರೇಡಿಯೋ ಉಪಕರಣಗಳು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿಯವು. ಒಳತಿರುಳು ಸರಕಾರದ ಸಿ-ಡಾಟ್ ಸಂಸ್ಥೆಯದು. ಎಲ್ಲವನ್ನೂ ಜೋಡಿಸಿದವರು ಟಾಟಾ ಕನ್ಸಲ್ಟೆನ್ಸಿಯವರು. 1948ರಲ್ಲಿ ಸ್ವತಂತ್ರ ಭಾರತದ ಟೆಲಿಫೋನ್ ಕಾರ್ಖಾನೆಯು ಬೆಂಗಳೂರಿನಲ್ಲಿ ತಲೆಯೆತ್ತಿದುದನ್ನು ನೆನೆಯುವ ಕನ್ನಡಿಗರಿಗೆ ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಹೆಮ್ಮೆಯಿಂದ ಕರೆ ತಗಲುವುದಿಲ್ಲ. ಸ್ವದೇಶಿಯೆಂಬುದು ಕೆಟ್ಟ ಸೇವೆಗೆ ಹೊದಿಸುವ ಶಾಲು ಆಗಬಾರದು. 2019, 2022, 2023ರ ಮೂರು ಕಂತುಗಳಲ್ಲಿ ಸುಮಾರು 3.22 ಲಕ್ಷ ಕೋಟಿ ರೂಪಾಯಿಗಳ ನೆರವಿನ ಯೋಜನೆಗಳನ್ನು ಸರಕಾರವು ಈ ನಿಗಮಕ್ಕಾಗಿ ಒಪ್ಪಿಕೊಂಡಿದೆ. ಅಂದರೆ ತೆರಿಗೆ ಕೊಡುವ ನಾವೆಲ್ಲರೂ, ಸಿಮ್ ಕೊಂಡವರಾಗಲಿ ಕೊಳ್ಳದವರಾಗಲಿ, ಅದಕ್ಕೆ ಮುಂಗಡ ರೀಚಾರ್ಜು ಮಾಡಿಸಿದವರೇ. ಕೊಟ್ಟ ಹಣಕ್ಕೆ ಲೆಕ್ಕ ಕೇಳುವ ಅತ್ಯಂತ ಸುಲಭವಾದ ದಾರಿಯೆಂದರೆ ಅದರ ಸೇವೆಯನ್ನು ಬಳಸಿ ನೋಡುವುದು.

ಪರೀಕ್ಷೆಗೂ ಒಂದು ಕ್ರಮವುಂಟು. ದರಪಟ್ಟಿಯನ್ನು ನೋಡಿದ ಉತ್ಸಾಹದಲ್ಲಿ ಇದ್ದ ಸಂಖ್ಯೆಯನ್ನೇ ಒಮ್ಮೆಲೆ ವರ್ಗ ಮಾಡಿಸುವುದು ಜಾಣತನವಲ್ಲ. ಒಮ್ಮೆ ವರ್ಗವಾದ ಸಂಖ್ಯೆಯನ್ನು 90 ದಿನಗಳವರೆಗೆ ಮತ್ತೆ ಕದಲಿಸುವಂತಿಲ್ಲ. ಈಗಿನ ಬಹುತೇಕ ಮೊಬೈಲುಗಳಲ್ಲಿ ಎರಡು ಸಿಮ್‌ಗಳಿಗೆ ಸ್ಥಳವಿದೆ. ಹಳೆಯದನ್ನು ಬಿಡದೆ, ಹೊಸ ಸಿಮ್ಮೊಂದನ್ನು ಎರಡನೆಯ ಸ್ಥಳದಲ್ಲಿಟ್ಟು ಒಂದು ತಿಂಗಳು ನಡೆಸಬೇಕು. ಮನೆಯ ಒಳಕೋಣೆಯಲ್ಲಿ, ಕಚೇರಿಯ ಕೆಳಮಹಡಿಯಲ್ಲಿ, ದಿನವೂ ಓಡಾಡುವ ಬಸ್ಸಿನ ದಾರಿಯಲ್ಲಿ, ಹಬ್ಬಕ್ಕೆ ಹೋಗುವ ಹುಟ್ಟೂರಿನಲ್ಲಿ ಕರೆ ತಗಲುವುದೇ, ನಡುವೆ ಕಡಿಯುವುದೇ, ಬ್ಯಾಂಕಿನ ಓ.ಟಿ.ಪಿ. ಹೊತ್ತಿಗೆ ಸರಿಯಾಗಿ ಬರುವುದೇ, ಸಂಜೆ ಎಲ್ಲರೂ ಬಳಸುವಾಗ ಡೇಟಾ ನಡೆಯುವುದೇ, ಇಷ್ಟನ್ನು ನೋಡಬೇಕು. ಸೇವೆಯು ಎಲ್ಲೆಲ್ಲಿ ಇದೆಯೆಂಬ ನಕ್ಷೆಯನ್ನು ಪ್ರಕಟಿಸಬೇಕೆಂದು 2024ರ ನಿಯಮಗಳು ಎಲ್ಲ ಕಂಪನಿಗಳಿಗೂ ವಿಧಿಸಿವೆ. ಆ ನಕ್ಷೆಯನ್ನು ನಮ್ಮ ಅನುಭವದೊಡನೆ ತಾಳೆ ಹಾಕಬೇಕು. ಒಪ್ಪಿಗೆಯಾದರೆ 1900ಕ್ಕೆ ಸಂದೇಶ ಕಳುಹಿಸಿ ಎಂಟು ಅಕ್ಷರಗಳ ಸಂಕೇತವನ್ನು ಪಡೆದು ಸಂಖ್ಯೆಯನ್ನು ವರ್ಗ ಮಾಡಿಸಬಹುದು. ಒಪ್ಪಿಗೆಯಾಗದಿದ್ದರೆ ಆದ ನಷ್ಟ ಅಲ್ಪ. ಆದರೆ ದೂರನ್ನು ಬರೆದು ಕೊಟ್ಟೇ ಹೊರಬರಬೇಕು. ಮೌನವಾಗಿ ಬಿಟ್ಟುಹೋಗುವವನಿಂದ ನಿಗಮವು ಏನನ್ನೂ ಕಲಿಯುವುದಿಲ್ಲ.

ಸರಕಾರಕ್ಕೇಕೆ ವ್ಯಾಪಾರದ ಉಸಾಬರಿ ಎಂದು ಕೇಳುವ ವಿದ್ಯಾವಂತರು ನಮ್ಮಲ್ಲಿದ್ದಾರೆ. ಊರಿನ ಸಹಕಾರಿ ಸೊಸೈಟಿಯಲ್ಲಿ ಎಲ್ಲರೂ ಸಾಮಾನು ಕೊಳ್ಳುವುದಿಲ್ಲ. ಆದರೆ ಅದು ತೆರೆದಿದೆಯೆಂಬ ಕಾರಣದಿಂದಲೇ ಪಕ್ಕದ ಸಾಹುಕಾರನ ತಕ್ಕಡಿ ನೆಟ್ಟಗಿರುತ್ತದೆ. ನಿಗಮದ ಪ್ರಯೋಜನವೂ ಅಂಥದೇ. ಆದರೆ ಸೊಸೈಟಿಯ ಅಕ್ಕಿಯಲ್ಲಿ ಕಲ್ಲೇ ಹೆಚ್ಚಾದರೆ ಸಾಹುಕಾರನು ಯಾರಿಗೂ ಅಂಜುವುದಿಲ್ಲ. 2024ರ ಅಕ್ಟೋಬರ್-ಡಿಸೆಂಬರ್ ತ್ರೈಮಾಸಿಕದಲ್ಲಿ ನಿಗಮವು 262 ಕೋಟಿ ರೂಪಾಯಿ ಲಾಭವನ್ನು ತೋರಿಸಿತು. ಹದಿನೇಳು ವರ್ಷಗಳಲ್ಲಿ ಅದು ಕಂಡ ಮೊದಲ ಲಾಭವದು. ಅಧಿಕಾರಿಗಳು ಇದನ್ನು ಜಾಹೀರಾತಿಗೆ ಬಳಸಿದರೆ ಸಾಲದು. ಮೊದಲು ಗೋಪುರಗಳ ಬ್ಯಾಟರಿಯನ್ನೂ, ದೂರುಗಳಿಗೆ ಕೊಡುವ ಉತ್ತರವನ್ನೂ ಸರಿಪಡಿಸಲಿ. ಒಂದು ರೂಪಾಯಿಗೆ ಬಂದವನು ಎರಡನೆಯ ತಿಂಗಳು ಪೂರ್ಣ ದರ ಕೊಟ್ಟು ಉಳಿಯುವಂತೆ ಮಾಡಲಿ. ಒಂದು ತಿಂಗಳ ಪರೀಕ್ಷೆ ನಮ್ಮ ಪಾಲಿನದು. ಮುಂದಿನ ತಿಂಗಳುಗಳ ಪರೀಕ್ಷೆ ನಿಗಮದ್ದು.