ಮನೆಗೆ ಹೊಸ ಬಣ್ಣ, ಹಿತ್ತಿಲಿಗೆ ಹಳೆಯ ಹೂವು

ಅಡಿಕೆ ಕೊಯ್ಲು ಮುಗಿದು, ಸಂಘದ ಸಾಲದ ಕಂತು ಕಟ್ಟಿ, ಕೈಯಲ್ಲಿ ನಾಲ್ಕು ಕಾಸು ಉಳಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಮೊದಲು ಏಳುವ ಮಾತು ಮನೆ ರಿಪೇರಿಯದು. ಜಗಲಿಗೆ ಟೈಲ್ಸ್ ಹಾಕಿಸಬೇಕು, ಗೋಡೆಗೆ ಹೊಸ ಬಣ್ಣ ಬಳಿಸಬೇಕು, ಮಳೆಗಾಲದ ಕೆಸರು ತಪ್ಪುವಂತೆ ಅಂಗಳಕ್ಕೆ ಸಿಮೆಂಟು ಮಾಡಿಸಬೇಕು ಎಂದು ಪಟ್ಟಿ ಬೆಳೆಯುತ್ತದೆ. ಈ ಆಸೆಯನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ದಿನ ಬೆಳಗಾದರೆ ಸಗಣಿ ಸಾರಿಸಿ, ವರ್ಷಕ್ಕೊಮ್ಮೆ ಅಂಗಳ ಕೆತ್ತಿ ಬಡಿದು ಬೆನ್ನು ನೋಯಿಸಿಕೊಂಡವರು ನಮ್ಮ ಮನೆಯ ಹೆಂಗಸರು. ಹಳೆಯ ಮನೆಯ ಸೊಬಗನ್ನು ದೂರದಿಂದ ಹೊಗಳುವವರಲ್ಲ. ಅಡಿಕೆ ಒಣಗಿಸಲು ಗಟ್ಟಿ ಅಂಗಳ ಬೇಕು, ವಯಸ್ಸಾದವರು ಜಾರಿ ಬೀಳದಂತೆ ದಾರಿ ಬೇಕು. ಇವೆಲ್ಲ ನ್ಯಾಯವಾದ ಅಗತ್ಯಗಳೇ.

ಆದರೆ ಮನೆಯ ಕೆಲಸಕ್ಕೆ ನಾವು ಆರಿಸಿಕೊಳ್ಳುವ ಕಾಲವೇ ಹಿತ್ತಿಲಿನ ಹೂದೋಟಕ್ಕೆ ಅತ್ಯಂತ ಅಪಾಯದ ಕಾಲ. ಜನವರಿಯಿಂದ ಮೇ ತಿಂಗಳವರೆಗೆ ಗಾರೆಯವರು, ಬಣ್ಣದವರು, ಮರಗೆಲಸದವರು ಅಂಗಳ ತುಂಬಿರುತ್ತಾರೆ. ಅದೇ ಹೊತ್ತಿಗೆ ಡೇರೆಯ ಗಿಡ ಒಣಗಿ ಗಡ್ಡೆ ಮಾತ್ರ ನೆಲದೊಳಗೆ ಉಳಿದಿರುತ್ತದೆ. ಸೇವಂತಿಗೆ ಹೂ ಮುಗಿಸಿ ಬುಡದಲ್ಲಿ ಮರಿಯಷ್ಟನ್ನೇ ಇಟ್ಟುಕೊಂಡಿರುತ್ತದೆ. ಗೌರಿಹೂವಿನ ಬಳ್ಳಿ ಇದ್ದ ಜಾಗದ ಗುರುತೂ ಇರುವುದಿಲ್ಲ. ಹೊರಗಿನಿಂದ ಬಂದವರಿಗೆ ಅದು ಖಾಲಿ ಜಾಗ. ಜಲ್ಲಿಯ ರಾಶಿ, ಮರಳಿನ ರಾಶಿ, ಒಡೆದ ಗಾರೆ, ಸಿಮೆಂಟು ಕಲಸುವ ಕಟ್ಟೆ ಎಲ್ಲಕ್ಕೂ ಕಣ್ಣಿಗೆ ಬೀಳುವುದು ಅದೇ. ಬೇಸಿಗೆಯ ಹಿತ್ತಿಲು ನಿದ್ರಿಸುತ್ತಿದೆಯೇ ಹೊರತು ಖಾಲಿಯಾಗಿಲ್ಲ ಎಂಬುದನ್ನು ಕೆಲಸದವರಿಗೆ ಹೇಳಬೇಕಾದವರು ನಾವು.

ಹೇಳದೆ ಕೆಟ್ಟ ಅನುಭವ ಈ ಲೇಖಕರದ್ದೂ ಹೌದು. ಕೆಲವು ವರ್ಷಗಳ ಹಿಂದೆ ಹಿಂಜಗಲಿಯ ನೆಲ ಕೀಳಿಸಿದಾಗ, ಒಡೆದ ಗಾರೆಯನ್ನು ಎಲ್ಲಿ ಹಾಕಲಿ ಎಂದು ಕೇಳಿದವರಿಗೆ ತಲೆ ಎತ್ತದೆ ಬಾವಿಯ ಪಕ್ಕದ ಮೂಲೆಯನ್ನು ತೋರಿಸಿದ್ದಾಯಿತು. ಮಳೆ ಹಿಡಿದು ಹದಿನೈದು ದಿನವಾದರೂ ಆ ಮೂಲೆಯಲ್ಲಿ ಏನೂ ಏಳಲಿಲ್ಲ. ಅದು ತಾಯಿಯವರು ತವರಿನಿಂದ ತಂದು ಬೆಳೆಸಿದ್ದ ಡೇರೆಯ ಮಡಿ. ಮಣ್ಣು, ಬೆಳೆ ಎಂದು ಊರೂರು ತಿರುಗಿ ಸಲಹೆ ಕೊಡುವವರು ಸ್ವಂತ ಹಿತ್ತಿಲಿನಲ್ಲಿ ಮಾಡಿದ ಈ ತಪ್ಪಿಗೆ ಅವರು ಒಂದು ಮಾತನ್ನೂ ಆಡಲಿಲ್ಲ. ಕಪ್ಪುಗೆಂಪಿನ ಡೇರೆ ಪಕ್ಕದ ಮನೆಯ ಅತ್ತೆಯವರಲ್ಲಿತ್ತು. ತಾಯಿಯವರೇ ಎಂದೋ ಕೊಟ್ಟಿದ್ದ ಗಡ್ಡೆಯ ಸಂತತಿ ಮುಂದಿನ ವರ್ಷ ಮರಳಿ ಬಂತು. ತುದಿಯಲ್ಲಿ ನೇರಳೆ ಬಣ್ಣ ಹೊತ್ತ ಬಿಳಿಯ ಡೇರೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಅದು ಮತ್ತೆ ಸಿಗಲಿಲ್ಲ.

ಇದನ್ನು ಒಂದು ಮನೆಯ ಸಣ್ಣ ದುಃಖವೆಂದು ತಳ್ಳಿಹಾಕುವಂತಿಲ್ಲ. ಡೇರೆಯ ವಂಶವಾಹಿ ರಚನೆ ಬಹಳ ಜಟಿಲವಾದದ್ದು. ಹೆಚ್ಚಿನ ಸಸ್ಯಗಳಲ್ಲಿ ವರ್ಣತಂತುಗಳ ಜೊತೆ ಎರಡಿದ್ದರೆ ಇದರಲ್ಲಿ ಎಂಟು. ಆದ್ದರಿಂದ ಬೀಜ ಬಿತ್ತಿದರೆ ತಾಯಿಗಿಡದ ಹೂವೇ ಬರುವುದಿಲ್ಲ, ಬೇರೆ ಬಣ್ಣ, ಬೇರೆ ಆಕಾರದ ಹೂ ಬರುತ್ತದೆ. ಒಂದು ತಳಿ ಉಳಿಯಬೇಕಾದರೆ ಗಡ್ಡೆಯೇ ಉಳಿಯಬೇಕು ಅಥವಾ ಅದರ ಕುಡಿಯನ್ನೇ ನೆಟ್ಟುಕೊಳ್ಳಬೇಕು. ಅದೂ ಬರಿಯ ಗಡ್ಡೆ ಸಾಲದು. ಹಳೆಯ ಕಾಂಡದ ಬುಡದ ಚೂರು, ಅದರಲ್ಲಿ ಒಂದು ಕಣ್ಣು ಇದ್ದರೆ ಮಾತ್ರ ಚಿಗುರುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ತಳಿಗಳನ್ನು ಕಾಪಾಡಿದ್ದು ಯಾವ ಸಂಶೋಧನಾ ಕೇಂದ್ರವೂ ಅಲ್ಲ. ಮದುವೆಗೆ ಹೋದಾಗ, ಬಾಣಂತನಕ್ಕೆ ಬಂದಾಗ, ಸೆರಗಿನ ತುದಿಯಲ್ಲಿ ಗಡ್ಡೆ ಕಟ್ಟಿಕೊಂಡು ಊರಿಂದೂರಿಗೆ ಒಯ್ದ ಮಹಿಳೆಯರು ಕಾಪಾಡಿದರು. ಆ ಸರಪಳಿ ಒಂದು ಬುಟ್ಟಿ ಕಸದಿಂದ ಕಡಿಯುತ್ತದೆ.

ಗೋಡೆಯನ್ನು ಚೆಂದಮಾಡುವುದೂ ಹಿತ್ತಿಲನ್ನು ನೋಡಿಕೊಳ್ಳುವುದೂ ಹಿಂದೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ದೀವರ ಮಹಿಳೆಯರು ಗೋಡೆಯ ಮೇಲೆ ಬರೆಯುವ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ ಸಾಕು, ಕುಂಚಕ್ಕೆ ಪುಂಡಿನಾರು. ಗೋಡೆ ಕೆರೆದು ಬಿದ್ದ ಪುಡಿ ಮಣ್ಣಿಗೆ ಮರಳಿದರೆ ಗಿಡಕ್ಕೆ ಹಾನಿಯಿರಲಿಲ್ಲ. ಇಂದಿನ ಸಾಮಗ್ರಿಗಳು ಹಾಗಲ್ಲ. ಆದ್ದರಿಂದಲೇ ಹಿಂದೆ ಬೇಕಿರದ ಎಚ್ಚರ ಇಂದು ಬೇಕಾಗಿದೆ.

ಮೊದಲನೆಯದು ಸಿಮೆಂಟಿನ ನೀರು. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಅದರ ರಸಸಾರ ಸಾಮಾನ್ಯವಾಗಿ 5ರಿಂದ 6ರ ಆಸುಪಾಸಿನಲ್ಲಿರುತ್ತದೆ. ಹಸಿ ಸಿಮೆಂಟಿನ ನೀರಿನ ರಸಸಾರ 12ಕ್ಕೂ ಮೇಲೆ. ಬಾಣಲೆ, ಕರಣೆ ತೊಳೆದ ನೀರನ್ನು ದಿನವೂ ಒಂದೇ ಕಡೆ ಚೆಲ್ಲಿದರೆ ಆ ಜಾಗದ ಮಣ್ಣಿನ ಗುಣವೇ ಬದಲಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣಾಂಶ ಧಾರಾಳವಾಗಿದ್ದರೂ ಬೇರಿಗೆ ಅದು ಸಿಗದಂತಾಗುತ್ತದೆ. ಹೊಸದಾಗಿ ಕಟ್ಟಿದ ಗೋಡೆಯ ಬುಡದಲ್ಲಿರುವ ಕೇಪಳ, ದಾಸವಾಳಗಳ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿರುವುದನ್ನು ಅನೇಕರು ನೋಡಿರುತ್ತಾರೆ. ರೋಗವೆಂದು ಔಷಧಿ ಸಿಂಪಡಿಸುವ ಮೊದಲು ಬುಡದ ಮಣ್ಣನ್ನು ಕೆದಕಿ ನೋಡಬೇಕು. ಗಾರೆಯ ಚೂರು ಸಿಕ್ಕರೆ ಅದನ್ನು ಆರಿಸಿ ತೆಗೆದು, ಕಾಡಿನ ದರಕು ಗೊಬ್ಬರ ಕೊಡುವುದೇ ಚಿಕಿತ್ಸೆ.

ಎರಡನೆಯದು ಹಳೆಯ ಬಣ್ಣದ ಪುಡಿ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಕಿಟಕಿ, ಬಾಗಿಲು, ಸರಳುಗಳಿಗೆ ಬಳಿದ ಎಣ್ಣೆಬಣ್ಣದಲ್ಲಿ ಸೀಸ ಹೆಚ್ಚಾಗಿರುವ ಸಾಧ್ಯತೆಯಿದೆ. ಅದನ್ನು ಒಣದಾಗಿ ಉಜ್ಜಿದರೆ ಪುಡಿ ಉಸಿರಿಗೂ ಹೋಗುತ್ತದೆ, ಹೂವಿನ ಮಡಿಯ ಪಕ್ಕದ ಬಸಳೆ, ಹರಿವೆಗಳ ಮಣ್ಣಿಗೂ ಸೇರುತ್ತದೆ. ಮಣ್ಣಿಗೆ ಸೇರಿದ ಸೀಸ ಕರಗಿ ಹೋಗುವುದಿಲ್ಲ. ಕೆಳಗೆ ಹಳೆಯ ತಾಡಪಾಲು ಹಾಸಿ, ಒದ್ದೆ ಮಾಡಿ ಉಜ್ಜಿಸಿ, ಪುಡಿಯನ್ನು ಕಟ್ಟಿಡುವುದು ಕಷ್ಟದ ಕೆಲಸವೇನಲ್ಲ. ಆ ಹೊತ್ತಿನಲ್ಲಿ ಮಕ್ಕಳು ಹತ್ತಿರ ಸುಳಿಯಬಾರದು.

ಮೂರನೆಯದು ನೆಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 3000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದು ಗುಂಟೆ ಅಂಗಳದ ಮೇಲೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅಂಗಳ, ಹಿತ್ತಿಲು ಎರಡನ್ನೂ ಸಿಮೆಂಟಿನಿಂದ ಮುಚ್ಚಿದರೆ ಅಷ್ಟೂ ನೀರು ಇಂಗದೆ ಚರಂಡಿ ಹಿಡಿದು ಹಳ್ಳಕ್ಕೆ ಓಡುತ್ತದೆ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಬಾವಿಯ ತಳ ಕಂಡ ಮೇಲೆ ಅಂಗಳದ ನೆನಪಾದರೆ ಪ್ರಯೋಜನವಿಲ್ಲ. ಅಡಿಕೆ ಹರಡುವಷ್ಟು ಜಾಗಕ್ಕೆ ಮಾತ್ರ ಸಿಮೆಂಟು ಮಾಡಿಸಿ, ಓಡಾಡುವ ದಾರಿಗೆ ನಡುವೆ ಸಂದು ಬಿಟ್ಟು ಜಂಬಿಟ್ಟಿಗೆ ಕಲ್ಲನ್ನು ಹಾಸಿದರೆ ಕಾಲಿಗೆ ಕೆಸರು ಮೆತ್ತುವುದಿಲ್ಲ, ನೀರೂ ಇಂಗುತ್ತದೆ. ಹೂವಿನ ಮಡಿಗಳನ್ನು ಸೂರಿನ ನೀರು ಹಾದುಹೋಗುವ ದಾರಿಯ ಪಕ್ಕದಲ್ಲಿ ತುಸು ಎತ್ತರಿಸಿ ಮಾಡಿದರೆ ಮಣ್ಣೂ ಕೊಚ್ಚಿಹೋಗುವುದಿಲ್ಲ.

ಇನ್ನು ಗೋಡೆಯ ಸಂದುಗಳು. ಹಳೆಯ ಮಣ್ಣುಗೋಡೆಯ ಬಿರುಕಿನಲ್ಲಿ, ಪಂಚಾಂಗದ ಕಲ್ಲಿನ ಸಂದಿನಲ್ಲಿ ಮಿಸರಿ ಜೇನು ಗೂಡು ಕಟ್ಟಿರುತ್ತದೆ. ಅದರ ಮೇಣದ ಕೊಳವೆಯಂಥ ಬಾಯಿಯನ್ನು ಕಸವೆಂದು ಕೆರೆದು ಗಾರೆ ಮೆತ್ತಿದರೆ ಇಡೀ ಕುಟುಂಬ ಒಳಗೇ ಸಾಯುತ್ತದೆ. ತರಕಾರಿ ಚಪ್ಪರದ ಹೂವು ಕಾಯಾಗುವುದು ಇಂಥ ನೊಣಗಳಿಂದ. ತೋಟದ ಏಲಕ್ಕಿ ಕಾಯಿ ಕಟ್ಟಲೂ ಜೇನೇ ಬೇಕು. ಬಾಯಿಯಿರುವಷ್ಟು ಜಾಗ ಬಿಟ್ಟು ಗಾರೆ ಮಾಡಿಸಬಹುದು, ಇಲ್ಲವೇ ಬಲ್ಲವರನ್ನು ಕರೆಸಿ ಸಂಜೆಯ ಹೊತ್ತು ಗೂಡನ್ನು ಮಡಕೆಗೋ ಪೆಟ್ಟಿಗೆಗೋ ಸ್ಥಳಾಂತರಿಸಬಹುದು. ಬೆಳಕಿನ ವಿಷಯದಲ್ಲೂ ಒಂದು ಮಾತು. ರಾತ್ರಿ ದೀರ್ಘವಾದಂತೆ ಮೊಗ್ಗು ಕಟ್ಟುವುದು ಸೇವಂತಿಗೆಯ ಸ್ವಭಾವ. ಹೂವನ್ನು ತಡಮಾಡಬೇಕಾದಾಗ ಹಸಿರುಮನೆಯ ಬೆಳೆಗಾರರು ರಾತ್ರಿ ದೀಪ ಉರಿಸುವುದು ಇದೇ ಕಾರಣಕ್ಕೆ. ಹೊಸದಾಗಿ ಹಾಕಿಸಿದ ಅಂಗಳದ ದೊಡ್ಡ ದೀಪ ಬೆಳಗಿನವರೆಗೂ ಉರಿಯುತ್ತಿದ್ದರೆ, ದೀಪಾವಳಿಗೆ ಸೇವಂತಿಗೆ ಬಿಡಲಿಲ್ಲವೆಂದು ಗಿಡವನ್ನು ದೂರಿ ಫಲವಿಲ್ಲ.

ಮನೆ ಹೊಸದಾದ ಮೇಲೆ ಗಿಡಗಳೂ ಹೊಸದಾಗಬೇಕೆಂದು ನರ್ಸರಿಗೆ ಹೋಗುವವರಿದ್ದಾರೆ. ಅಲ್ಲಿ ಕೈಚಾಚುವ ಮೊದಲು ಹಿಂದಿನ ಪಾಠ ನೆನಪಿರಲಿ. ಇಂದು ಕಾಡನ್ನು ತಿನ್ನುತ್ತಿರುವ ಲಂಟಾನ 19ನೆಯ ಶತಮಾನದ ಆರಂಭದಲ್ಲಿ ಈ ದೇಶಕ್ಕೆ ಬಂದದ್ದು ಅಂದದ ಹೂಗಿಡವಾಗಿ. ನಾಗರಹೊಳೆ, ಬಂಡೀಪುರಗಳಲ್ಲಿ ಹಬ್ಬುತ್ತಿರುವ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಅಲಂಕಾರಕ್ಕೆಂದು ತಂದ ಮರವೇ. ಅಂಗಳದ ಅಂಚಿಗೆ ನೆಲಹಾಸಿನಂತೆ ಹಬ್ಬಿಸುವ ವೆಡೇಲಿಯ ಬಳ್ಳಿ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕತ್ತರಿಸಿ ಎಸೆದ ತುಂಡೂ ಬೇರು ಬಿಟ್ಟು ಹಳ್ಳದ ದಂಡೆ ಹಿಡಿಯುತ್ತದೆ. ಪರದೇಶದ್ದೆಂಬುದೇ ದೋಷವಲ್ಲ. ನಾವು ಇಷ್ಟೊತ್ತು ಹೊಗಳಿದ ಡೇರೆಯೂ ಮೆಕ್ಸಿಕೋ ಮೂಲದ್ದು. ಆದರೆ ಅದು ಹಿತ್ತಿಲು ದಾಟಿ ಕಾಡಿಗೆ ನುಗ್ಗಲಿಲ್ಲ. ಬೇಲಿ ಹಾರುವ ಗಿಡವನ್ನು ತರಬಾರದು, ಅಷ್ಟೇ. ಜಾಗವಿದ್ದವರು ಸುರಗಿ, ರಂಜೆ, ಸಂಪಿಗೆ ನೆಡಲಿ. ಜಾಗ ಕಡಿಮೆಯಿದ್ದವರು ಕೇಪಳವನ್ನೂ ಒಂಟಿ ಸುತ್ತಿನ ದಾಸವಾಳವನ್ನೂ ಉಳಿಸಿಕೊಳ್ಳಲಿ.

ಎರಡೂ ಕೆಲಸ ಒಟ್ಟಿಗೆ ಸಾಗಬೇಕಾದರೆ ಒಂದು ಕ್ರಮ ಬೇಕು. ಗಾರೆಯವರಿಗೆ ಮುಂಗಡ ಕೊಡುವ ಮೊದಲು, ಡಿಸೆಂಬರಿನಲ್ಲೇ, ಹಿತ್ತಿಲಿನಲ್ಲಿ ಎಲ್ಲೆಲ್ಲಿ ಏನಿದೆಯೆಂದು ಮನೆಯ ಹಿರಿಯರನ್ನು ಕೇಳಿ ಗೂಟ ನೆಡಬೇಕು. ಡೇರೆಯ ಗಡ್ಡೆಯನ್ನು ಕಾಂಡದ ಬುಡ ಸಹಿತ ಕಿತ್ತು, ಒಣ ಮರಳಿನಲ್ಲಿ ಹುದುಗಿಸಿ ನೆರಳಿನಲ್ಲಿಡಬೇಕು. ಸೇವಂತಿಗೆಯ ಮರಿಗಳನ್ನು ಹಳೆಯ ಡಬ್ಬಗಳಿಗೆ ವರ್ಗಾಯಿಸಬೇಕು. ಮಲ್ಲಿಗೆಯನ್ನು ಹೇಗೂ ಆ ತಿಂಗಳಿನಲ್ಲಿ ಸವರಬೇಕು. ಸವರಿದ ಬುಡದ ಸುತ್ತ ಒಂದು ಬೇಲಿ ಕಟ್ಟಬೇಕು. ಸಿಮೆಂಟು ಕಲಸುವುದಕ್ಕೂ ಕಸ ಹಾಕುವುದಕ್ಕೂ ಒಂದೊಂದೇ ಜಾಗ ಗೊತ್ತುಮಾಡಿ, ಮನೆಯವರೊಬ್ಬರು ನಿಂತು ತೋರಿಸಬೇಕು. ಒಂದೇ ಬೇಸಿಗೆಯಲ್ಲಿ ಇಡೀ ಮನೆಯನ್ನು ಕೆಡವಿ ಹಾಕದೆ, ಈ ವರ್ಷ ಒಳಗಿನ ಕೆಲಸ, ಮುಂದಿನ ವರ್ಷ ಹೊರಗಿನದು ಎಂದು ಹಂಚಿಕೊಂಡರೆ ಕಿಸೆಗೂ ಹಗುರ, ಹಿತ್ತಿಲಿಗೂ ಕ್ಷೇಮ. ಮೇ ಕೊನೆಯೊಳಗೆ ಕಸ ಎತ್ತಿಸಿ, ಮಡಿಗೆ ಗೊಬ್ಬರ ಹಾಕಿ, ಮೊದಲ ಮಳೆಗೆ ಗಡ್ಡೆ ನೆಟ್ಟರೆ ಚೌತಿಯ ಹೊತ್ತಿಗೆ ಹೊಸ ಜಗಲಿಯ ಮುಂದೆ ಹಳೆಯ ಹೂವು ಅರಳಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಕೆಲಸ ಆರಂಭಿಸುವ ಮೊದಲು ಪ್ರತಿ ತಳಿಯ ಒಂದು ಗಡ್ಡೆ, ಒಂದು ಕಡ್ಡಿಯನ್ನು ಇನ್ನೊಂದು ಮನೆಗೆ ಕೊಡುವುದು. ಕೊಟ್ಟದ್ದೇ ಉಳಿಯುವುದೆಂಬ ಮಾತು ಹೂವಿನ ಗಿಡಗಳ ಮಟ್ಟಿಗೆ ಅಕ್ಷರಶಃ ನಿಜ. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ಈ ಬೇಸಿಗೆ ರಜೆಯಲ್ಲಿ ತಮ್ಮ ಕೇರಿಯ ಹಿತ್ತಿಲುಗಳಲ್ಲಿರುವ ಹೂಗಳ ಪಟ್ಟಿ ಮಾಡಲಿ: ಊರಿನವರು ಕರೆಯುವ ಹೆಸರು, ಬಣ್ಣ, ಬಿಡುವ ತಿಂಗಳು, ಎಲ್ಲಿಂದ ಬಂತು, ಈಗ ಯಾರ್‍ಯಾರ ಮನೆಯಲ್ಲಿದೆ. ಒಂದೇ ಮನೆಯಲ್ಲಿ ಉಳಿದಿರುವ ತಳಿ ಯಾವುದೆಂದು ಆ ಪಟ್ಟಿಯೇ ಹೇಳುತ್ತದೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಅವರು ಉಳಿಸಹೊರಟದ್ದು ಮರವನ್ನಷ್ಟೇ ಅಲ್ಲ, ತಮ್ಮ ನೀರನ್ನು, ಮಣ್ಣನ್ನು ಕೂಡ. ಆ ನೀರು, ಮಣ್ಣುಗಳು ನಮ್ಮ ಅಂಗಳದಲ್ಲೂ ಇವೆ. ಕಾಡಿನ ವಿಷಯದಲ್ಲಿ ಸರ್ಕಾರವನ್ನು ಪ್ರಶ್ನಿಸುವ ನಾವು ಹಿತ್ತಿಲಿನ ವಿಷಯದಲ್ಲಿ ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು. ಈ ಸಲ ಗಾರೆಯವರು ಬಂದು ಕಸ ಎಲ್ಲಿ ಹಾಕಲಿ ಎಂದು ಕೇಳಿದಾಗ, ಕೈ ತೋರಿಸುವ ಮೊದಲು ಒಂದು ಗಳಿಗೆ ತಲೆ ಎತ್ತಿ ನೋಡೋಣ.