ಮಂಜುಗಡ್ಡೆಗೆ ಜ್ವರ ನೋಡುವುದು

ಮಗುವಿನ ಮೈ ಬೆಚ್ಚಗಾದರೆ ತಾಯಿ ಮೊದಲು ಹಣೆ ಮುಟ್ಟಿ ನೋಡುತ್ತಾಳೆ. ಆಮೇಲೆ ಥರ್ಮಾಮೀಟರನ್ನು ಕಂಕುಳಲ್ಲಿಟ್ಟು ಗಡಿಯಾರದ ಕಡೆ ನೋಡುತ್ತ ಕೂಡುತ್ತಾಳೆ. ಅವಸರಪಟ್ಟು ತೆಗೆದರೆ ಅದು ಸುಳ್ಳು ಹೇಳುತ್ತದೆಂಬುದನ್ನು ಆಕೆಗೆ ಯಾವ ಶಾಸ್ತ್ರಗ್ರಂಥವೂ ಕಲಿಸಬೇಕಾಗಿಲ್ಲ. ಈ ವಾರ ನಾನು ಹೇಳಹೊರಟಿರುವುದು, ಇದೇ ತಾಳ್ಮೆಯನ್ನು ಹಿಮನದಿಯ ಮುಂದೆ ತೋರಬೇಕಾದವರ ಕಥೆ. ಮಂಜುಗಡ್ಡೆಗೂ ಜ್ವರ ನೋಡುವುದುಂಟೇ, ಅದು ಸೊನ್ನೆ ಡಿಗ್ರಿಯೆಂದು ಹೈಸ್ಕೂಲಿನ ಹುಡುಗನೂ ಹೇಳಿಯಾನು ಎಂದು ವಾಚಕರು ನಗಬಹುದು.

ಕರಗುತ್ತಿರುವ ಗಡ್ಡೆಗೆ ಆ ಮಾತು ಸರಿ. ಆದರೆ ಗಡ್ಡೆಯಾದ ಮಾತ್ರಕ್ಕೆ ಅದರ ಚಳಿ ಸೊನ್ನೆಯಲ್ಲಿಯೇ ನಿಲ್ಲಬೇಕೆಂಬ ನಿಯಮವಿಲ್ಲ. ಗ್ರೀನ್‌ಲೆಂಡಿನ ಕ್ಯಾಂಪ್ ಸೆಂಚುರಿಯಲ್ಲಿ ೧೯೬೬ರಲ್ಲಿ ಸುಮಾರು ೧,೩೮೭ ಮೀಟರ್ ಕೊರೆದು ತಳ ಮುಟ್ಟಿದರು. ಅಲ್ಲಿ ಮೇಲ್ಭಾಗದ ಮಂಜು ಸೊನ್ನೆಗಿಂತ ಸುಮಾರು ೨೪ ಡಿಗ್ರಿ ಕೆಳಗಿದ್ದರೆ ತಳದ್ದು ೧೩ ಡಿಗ್ರಿ ಮಾತ್ರ ಕೆಳಗಿತ್ತು. ಭೂಗರ್ಭದ ಶಾಖ ಅಡಿಯಿಂದ ಕಾಯಿಸುತ್ತಿತ್ತು. (ನಮ್ಮ ನುಡಿಯಲ್ಲಿ ಮುಂಜಾನೆ ಕವಿಯುವುದೂ ಮಂಜು, ಬೆಟ್ಟದ ಮೇಲೆ ಬೀಳುವುದೂ ಮಂಜು. ಈ ನಾಡಿನವರಿಗೆ ಹೆಚ್ಚಿನ ಪದಗಳ ಅಗತ್ಯ ಬೀಳಲಿಲ್ಲ. ಅದು ನಮ್ಮ ಪುಣ್ಯ.)

ಇದೆಲ್ಲ ಪಂಡಿತರ ಕಾಲಕ್ಷೇಪವೆಂದು ಭಾವಿಸುವವರು ಫ್ರಾನ್ಸಿನ ಸ್ಯಾಂ ಜೆರ್ವೆಯ ಕಣಿವೆಯನ್ನು ನೆನೆಯಬೇಕು. ಮೋಂಟ್ ಬ್ಲಾಂಕ್ ಪರ್ವತದ ಮಗ್ಗುಲಲ್ಲಿ, ೩,೧೦೦ ಮೀಟರಿಗೂ ಮೇಲೆ, ತೇತ್ ರೂಸ್ ಎಂಬ ಪುಟ್ಟ ಹಿಮನದಿಯೊಂದಿದೆ. ೧೮೯೨ರ ಜುಲೈ ೧೨ರ ಬೆಳಗಿನ ಜಾವ ಅದರ ಒಡಲಲ್ಲಿ ಗುಟ್ಟಾಗಿ ಕೂಡಿಕೊಂಡಿದ್ದ ನೀರು ಮುಂಭಾಗವನ್ನು ಒಡೆದುಕೊಂಡು ಹೊರಬಿತ್ತು. ಕಲ್ಲು ಮಣ್ಣುಗಳನ್ನು ಬಾಚಿಕೊಂಡು ಇಳಿದ ಆ ಪ್ರವಾಹವು ಬಿಯೊನ್ನೆ ಎಂಬ ಹಳ್ಳಿಯನ್ನೂ, ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಆರೋಗ್ಯ ಪಡೆಯಲೆಂದು ಜನ ಬಂದು ತಂಗಿದ್ದ ಸ್ನಾನಗೃಹವನ್ನೂ ಕೊಚ್ಚಿತು. ನಿದ್ರೆಯಲ್ಲಿದ್ದ ಸುಮಾರು ೧೭೫ ಮಂದಿ ಮಡಿದರು. ಮುಂದೆ ನೀರು ಹರಿದುಹೋಗಲೆಂದು ಬಂಡೆಯಲ್ಲಿ ಸುರಂಗವೊಂದನ್ನು ತೋಡಿ, ನೂರು ವರ್ಷ ಅದನ್ನು ಕಾಯ್ದುಕೊಂಡು ಬಂದರು. ೨೦೦೭ರ ಸುಮಾರಿಗೆ, ಈ ಸುರಂಗದ ಖರ್ಚು ಇನ್ನೂ ಬೇಕೇ ಎಂಬ ಪ್ರಶ್ನೆ ಎದ್ದಿತು. ಉಳಿತಾಯದ ಆಸೆಯಿಂದ ಹುಟ್ಟಿದ ಪರೀಕ್ಷೆ ಬೇರೆಯದನ್ನೇ ತೋರಿಸಿತು: ೨೦೧೦ರಲ್ಲಿ ಹಿಮನದಿಯೊಳಗೆ ಮತ್ತೆ ೫೫,೦೦೦ ಘನ ಮೀಟರ್, ಎಂದರೆ ಐದೂವರೆ ಕೋಟಿ ಲೀಟರ್ ನೀರು ಒತ್ತಡದಲ್ಲಿ ನಿಂತಿತ್ತು. ಕೆಳಗೆ ಕಣಿವೆಯ ತುಂಬ ಮನೆಗಳು.

ನೀರು ಸುರಂಗದ ಕಡೆಗೆ ಏಕೆ ಇಳಿಯಲಿಲ್ಲ? ಉತ್ತರ ಕೊಡಬೇಕಾದದ್ದು ಉಷ್ಣತಾಮಾಪಕ. ಅದಕ್ಕೆ ಸತ್ಯ ಹೇಳಿಸುವುದು ಸುಲಭವಲ್ಲ. ೧೮೪೦ರ ದಶಕದಲ್ಲಿ ಲೂಯಿ ಅಗಾಸೀ ಸ್ವಿಟ್ಜರ್ಲೆಂಡಿನ ಊಂಟರಾರ್ ಹಿಮನದಿಯಲ್ಲಿ ಕಬ್ಬಿಣದ ಸಲಾಕಿಗಳಿಂದ ರಂಧ್ರ ಕೊರೆದು ಥರ್ಮಾಮೀಟರುಗಳನ್ನು ಇಳಿಬಿಟ್ಟಿದ್ದನು. ಈಗ ಇಳಿಯುವುದು ಥರ್ಮಿಸ್ಟರ್ ಎಂಬ ಪುಟ್ಟ ಮಣಿ. ಚಳಿ ಹೆಚ್ಚಿದಂತೆ ಅದು ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುತ್ತದೆ. ಆ ತಡೆಯನ್ನು ಅಳೆದು ಉಷ್ಣತೆಯನ್ನು ತಿಳಿಯುತ್ತಾರೆ. ಆದರೆ ಅಳೆಯಲು ಹಾಯಿಸುವ ವಿದ್ಯುತ್ತು ಕೊಂಚ ಹೆಚ್ಚಾದರೂ ಮಣಿ ತಾನೇ ಬೆಚ್ಚಗಾಗುತ್ತದೆ. ಉದ್ದವಾದ ತಂತಿಯೂ ತನ್ನ ತಡೆಯನ್ನು ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಆದ್ದರಿಂದ ಹೊರಡುವ ಮೊದಲೇ ಶುದ್ಧ ನೀರಿನಲ್ಲಿ ಕುಟ್ಟಿದ ಮಂಜುಗಡ್ಡೆ ಬೆರಸಿ, ಅದರಲ್ಲಿ ಮಣಿಗಳನ್ನು ಮುಳುಗಿಸಿ, ಅವು ಸೊನ್ನೆಯನ್ನು ಸೊನ್ನೆಯೆಂದೇ ಹೇಳುತ್ತವೆಯೇ ಎಂದು ನೋಡಿಕೊಳ್ಳಬೇಕು.

ದೊಡ್ಡ ತೊಡಕು ರಂಧ್ರದ್ದೇ. ಸಾಮಾನ್ಯವಾಗಿ ಬಿಸಿನೀರನ್ನು ರಭಸದಿಂದ ಚಿಮ್ಮಿಸಿ ಮಂಜನ್ನು ಕೊರೆಯುತ್ತಾರೆ. ರೋಗಿಯ ಜ್ವರ ನೋಡುವ ಮೊದಲು ಅವನಿಗೆ ಬಿಸಿನೀರು ಹೊಯ್ದ ಹಾಗಾಯಿತು! ಅದೂ ಸಾಲದೆಂಬಂತೆ, ರಂಧ್ರದ ನೀರು ಹೆಪ್ಪುಗಟ್ಟುವಾಗಲೂ ಶಾಖ ಬಿಡುತ್ತದೆ. ಆದುದರಿಂದ ದಿನಗಟ್ಟಲೆ, ಕೆಲವೆಡೆ ವಾರಗಟ್ಟಲೆ ಕಾಯಬೇಕು. ಇಳಿಯುತ್ತಿರುವ ಅಂಕಿಗಳನ್ನು ಗುರುತಿಸುತ್ತ ಹೋದರೆ, ಅವು ಕಡೆಗೆ ಎಲ್ಲಿ ನಿಲ್ಲುತ್ತವೆಂಬುದು ತಿಳಿಯುತ್ತದೆ.

ಇಷ್ಟು ಜಾಗ್ರತೆ ಏಕೆಂದರೆ ಇಲ್ಲಿ ನ್ಯಾಯ ತೀರುವುದು ಡಿಗ್ರಿಯ ಅಲ್ಪಾಂಶದಲ್ಲಿ. ಮೇಲಿನ ಭಾರ ಹೆಚ್ಚಿದಂತೆ ಮಂಜು ಕರಗುವ ಉಷ್ಣತೆ ಇಳಿಯುತ್ತದೆ. ಎಪ್ಪತ್ತು ಮೀಟರ್ ಆಳದಲ್ಲಿ ಸೊನ್ನೆಗಿಂತ ಸುಮಾರು ೦.೦೫ ಡಿಗ್ರಿ ಕೆಳಗೇ ಅದು ಕರಗಬಲ್ಲದು. ಆ ಗೆರೆಯ ಮೇಲಿರುವ ಮಂಜಿನ ಸಂದುಗಳಲ್ಲಿ ನೀರು ಇರಬಲ್ಲದು. ಗೆರೆಗಿಂತ ತಣ್ಣಗಿರುವ ಮಂಜು ಬಂಡೆಗೆ ಅಂಟಿಕೊಂಡು ಕಟ್ಟೆಯಂತೆ ನಿಲ್ಲುತ್ತದೆ.

ತೇತ್ ರೂಸಿನಲ್ಲಿ ಎರಡೂ ಇದ್ದವು. ಮೇಲ್ಭಾಗದಲ್ಲಿ ಹಿಮ ದಪ್ಪನಾಗಿ ಬಿದ್ದು, ರಜಾಯಿ ಹೊದಿಸಿದಂತೆ, ಚಳಿಗಾಲದ ಕೊರೆತವನ್ನು ತಡೆಯುತ್ತಿತ್ತು. ಬೇಸಗೆಯಲ್ಲಿ ಅದರೊಳಗೆ ಇಂಗಿದ ನೀರು ಮತ್ತೆ ಹೆಪ್ಪುಗಟ್ಟುತ್ತ ಶಾಖವನ್ನೂ ಕೊಡುತ್ತಿತ್ತು. ಕೆಳಗಿನ ತುದಿಗೆ ಆ ಹೊದಿಕೆ ತೆಳ್ಳಗೆ. ಚಳಿ ನೇರವಾಗಿ ಒಳಹೊಕ್ಕು ಅದನ್ನು ಗಟ್ಟಿಮಾಡಿತ್ತು. ಮೇಲೆ ಕರಗಿದ ನೀರು ಈ ತಣ್ಣನೆಯ ಕಟ್ಟೆಯ ಹಿಂದೆ ಸೆರೆಯಾಯಿತು.

೨೦೧೦ರ ಆಗಸ್ಟ್ ಕೊನೆಯಿಂದ ಅಕ್ಟೋಬರ್ ವರೆಗೆ ಪಂಪುಗಳನ್ನಿಟ್ಟು ಸುಮಾರು ೪೭,೭೦೦ ಘನ ಮೀಟರ್ ನೀರನ್ನು ಹೊರಹಾಕಿದರು. ಗುಹೆ ಪುನಃ ತುಂಬಿತು. ೨೦೧೧ರಲ್ಲೂ ೨೦೧೨ರಲ್ಲೂ ಮತ್ತೆ ಬರಿದುಮಾಡಬೇಕಾಯಿತು. ಲೋಕವೆಲ್ಲ ಕಾಯುತ್ತಿರುವ ಈ ದಿನಗಳಲ್ಲಿ ಆ ಕಟ್ಟೆ ತಾನಾಗಿ ಕರಗೀತೆಂದು ನಂಬುವಂತೆಯೂ ಇಲ್ಲ. ಬಿಸಿಲೇರಿ ಹಿಮದ ರಜಾಯಿ ತೆಳುವಾದರೆ ಚಳಿಗಾಲ ಇನ್ನಷ್ಟು ಆಳಕ್ಕೆ ಇಳಿದು, ಉಳಿದ ಮಂಜು ಈಗಿನದಕ್ಕಿಂತ ತಣ್ಣಗಾಗಲೂಬಹುದು.